ಲೀಟರಿಗೆ ಒಂಬತ್ತೂ ಮುಕ್ಕಾಲು

ರೇಣುಕಪ್ರಸಾದನ ಮನೆಗೆ ಹೊಸ ಕಾರು ಬಂದದ್ದು ಯುಗಾದಿ ಕಳೆದ ಮರುವಾರ. ಆ ವರ್ಷ ಕಾಫಿಗೆ ಅಜ್ಜ ಮುತ್ತಜ್ಜಂದಿರು ಕನಸಲ್ಲೂ ಕಾಣದ ರೇಟು. ಬಣಕಲ್ ಹತ್ತಿರದ ಐದೆಕರೆಯ ಕಾಫಿ ಮಾರಿದ್ದೇ ತಡ, ಅವನು ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಹೋಗಿ ಬೂದು ಬಣ್ಣದ ಎತ್ತರದ ಕಾರೊಂದನ್ನು ಬುಕ್ ಮಾಡಿ ಬಂದ. ನಿಂತರೆ ಜೀಪಿನ ಗತ್ತು, ಉದ್ದದಲ್ಲಿ ಮಾತ್ರ ಮೋಟು. ಅದಕ್ಕೆ ಕಾಂಪ್ಯಾಕ್ಟ್ ಎಸ್‌ಯುವಿ ಅನ್ನಬೇಕು ಅಂತ ಪಿಯುಸಿ ಓದುವ ಮಗಳು ಕವನಾ ಮನೆಮಂದಿಗೆಲ್ಲ ಪಾಠ ಹೇಳಿದಳು. ಪ್ರಸಾದನ ತಾಯಿ ಸಾವಿತ್ರಮ್ಮನವರ ನಾಲಿಗೆಗೆ ಆ ಹೆಸರು ಹೊರಳಲಿಲ್ಲ. ಆರತಿ ಎತ್ತಿ, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಡಿಸಿ, "ಆನೆಮರಿ ಹಂಗಿದೆ" ಅಂದರು. ಅವತ್ತಿನಿಂದ ಅದು ಆ ಮನೆಯ ಆನೆಮರಿಯಾಯಿತು.

ಆನೆಮರಿ ಎಷ್ಟು ತಿನ್ನುತ್ತದೆ ಅನ್ನುವುದು ಆಗ ಯಾರಿಗೂ ಚಿಂತೆಯಾಗಿರಲಿಲ್ಲ. ಶೋರೂಮಿನವರು ಲೀಟರಿಗೆ ಹದಿನೆಂಟು ಕಿಲೋಮೀಟರ್ ಅಂದಿದ್ದರು. ನಮ್ಮ ಏರು ತಿರುವಿನಲ್ಲಿ ಹದಿನೈದು ಬಂದರೆ ಕೈಮುಗಿಯಬೇಕು ಅಂತ ಪ್ರಸಾದನೇ ಹೇಳಿದ್ದ. ಏಪ್ರಿಲ್, ಮೇ ಎರಡೂ ತಿಂಗಳು ಹದಿನೈದೂವರೆ ಬಂತು. ಜೂನ್ ಕಳೆದು, ಜುಲೈ ಹತ್ತಕ್ಕೆ ಟ್ಯಾಂಕ್ ತುಂಬಿಸಿ ನೋಡಿದರೆ ಒಂಬತ್ತೂ ಮುಕ್ಕಾಲು.

"ಒಂಬತ್ತೂ ಮುಕ್ಕಾಲು," ಅಂದ ಪ್ರಸಾದ, ಬೆಳಗಿನ ಕಡುಬು ಮುರಿಯುತ್ತ. "ಲಾರಿಗೂ ಇದಕ್ಕೂ ಎಂತ ವ್ಯತ್ಯಾಸ?"

ಚಟ್ನಿ ಬಡಿಸುತ್ತಿದ್ದ ಹೆಂಡತಿ ಶಾಲಿನಿಯ ಸೌಟು ಗಂಡನ ತಟ್ಟೆಗೆ ಎರಡು ಸಲ ಬಗ್ಗಿತು.

"ಸಾಕು ಮಾರಾಯ್ತಿ, ಕಡುಬು ಮುಳುಗಿ ಹೋಯ್ತು."

"ಆನೆಮರಿ ಅಲ್ವೇನೋ," ಅಂದರು ಸಾವಿತ್ರಮ್ಮ, ತಮ್ಮ ತಟ್ಟೆಯಿಂದ ಕಣ್ಣು ಎತ್ತದೆ. "ಬೆಳೆಯೋ ಪ್ರಾಣಿ. ತಿನ್ತದೆ."

ಕವನಾ ನಕ್ಕಳು. ಅತ್ತೆ ಸೊಸೆ ಇಬ್ಬರೂ ನಗಲಿಲ್ಲ. ಪೆಟ್ರೋಲು ಎಲ್ಲಿ ಹೋಗುತ್ತಿದೆ ಅನ್ನುವುದು ಆ ಮನೆಯಲ್ಲಿ ಅವರಿಬ್ಬರಿಗೆ ಗೊತ್ತಿತ್ತು.

ಮೃಗಶಿರಾ ಮಳೆ ಹಿಡಿದ ವಾರ. ಅತ್ತೆಯ ಕೋಣೆ ಗುಡಿಸುವಾಗ ಮಂಚದಡಿ ಗೋಡೆಗೆ ಒತ್ತಿಟ್ಟಿದ್ದ ಗಂಟೊಂದು ಶಾಲಿನಿಯ ಪೊರಕೆಗೆ ಸಿಕ್ಕಿತ್ತು. ಎಳೆದು ಬಿಚ್ಚಿದರೆ ಹಾಸುವ ಪಂಚೆ, ಲಂಗ, ಹಳೇ ಸೀರೆ. ಎಲ್ಲವೂ ಒದ್ದೆ. ಮಳೆಯ ಒದ್ದೆಯಲ್ಲ ಅಂತ ಮೂಗು ಹೇಳಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಸಾವಿತ್ರಮ್ಮ. ಎಪ್ಪತ್ತೆಂಟು ವರ್ಷದ ಹೆಂಗಸು, ಈವತ್ತಿಗೂ ನೆರಿಗೆ ಒಂದು ಗೆರೆ ತಪ್ಪಿದರೆ ಊಟಕ್ಕೆ ಕೂರದವರು, ತಮ್ಮ ಬಟ್ಟೆಯನ್ನು ಒಬ್ಬರ ಕೈಗೂ ಒಗೆಯಲು ಕೊಡದವರು. ಬಂದವರೇ ಸೊಸೆಯ ಮಣಿಕಟ್ಟು ಹಿಡಿದುಕೊಂಡರು.

"ಪ್ರಸಾದಂಗೆ ಗೊತ್ತಾಗಬಾರ್ದು."

"ಡಾಕ್ಟ್ರಿಗೆ ತೋರಿಸಣ ಅತ್ತೆ. ಮಾತ್ರೆ ಇರ್ತವೆ."

"ಕರ್ಕೊಂಡು ಹೋಗೋನು ಯಾರು? ಅವನೇ ಅಲ್ವಾ?"

ಸಾವಿತ್ರಮ್ಮನವರ ಅತ್ತೆಯ ಕಥೆಯನ್ನು ಶಾಲಿನಿ ಮದುವೆಯಾಗಿ ಬಂದ ಹೊಸದರಲ್ಲಿ ಬೇರೆಯವರ ಬಾಯಲ್ಲಿ ಕೇಳಿದ್ದಳು. ಅವತ್ತು ಸಾವಿತ್ರಮ್ಮನವರ ಬಾಯಲ್ಲೇ ಕೇಳಿದಳು. ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ ಆ ಮುದುಕಿಯ ಚಾಪೆಯನ್ನು ಇದೇ ಸಾವಿತ್ರಮ್ಮ ಹಿತ್ತಿಲ ಜಗಲಿಗೆ ಹಾಕಿಸಿದ್ದರಂತೆ. ತಟ್ಟೆಯೂ ಅಲ್ಲಿಗೇ, ಚೊಂಬೂ ಅಲ್ಲಿಗೇ. ಒಂಬತ್ತು ವರ್ಷದ ಪ್ರಸಾದ ಅಜ್ಜಿಗೆ ಗಂಜಿ ಕೊಟ್ಟು ಬರುವಾಗ ಟವೆಲಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದನಂತೆ.

"ನಾನೇ ಕಲಿಸಿದ್ದು ಅವನಿಗೆ, ಮೂಗು ಮುಚ್ಚಿಕೊಳ್ಳದು," ಅಂದರು ಸಾವಿತ್ರಮ್ಮ. "ನನ್ನ ತಲೆ ಮೇಲೆ ಕೈ ಇಡು. ಹೇಳಲ್ಲ ಅನ್ನು."

ಶಾಲಿನಿ ಇಟ್ಟಳು. ಎಣ್ಣೆ ಹಚ್ಚಿ ಬಾಚಿದ ನೆತ್ತಿ ಮಗುವಿನ ನೆತ್ತಿಯ ಹಾಗೆ ಬೆಚ್ಚಗಿತ್ತು.

ಮಾತು ಕೊಡುವುದು ಸುಲಭ, ಬಟ್ಟೆ ಒಣಗಿಸುವುದು ಕಷ್ಟ. ಹಳೇ ಮನೆಯಾಗಿದ್ದರೆ ಒಲೆಯ ಮೇಲೆ ಗಳ ಕಟ್ಟಬಹುದಿತ್ತು; ಈ ಆರ್‌ಸಿಸಿ ಮನೆಯಲ್ಲಿ ಇರುವುದು ಗ್ಯಾಸು. ಮೆಷಿನ್ನು ಹಿಂಡಿ ಕೊಡುತ್ತದೆ, ಒಣಗಿಸಿ ಕೊಡುವುದಿಲ್ಲ. ಇಸ್ತ್ರಿ ಮಾಡೋಣ ಅಂದರೆ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತದೆ. ಹಾಲಿನಲ್ಲಿ ಕಟ್ಟಿದ ಹಗ್ಗದ ತುಂಬ ಕವನಾಳ ಯೂನಿಫಾರಂ, ಪ್ರಸಾದನ ಪ್ಯಾಂಟು. ಅದರ ನಡುವೆ ದಿನಾ ನಾಲ್ಕು ಹಾಸುಬಟ್ಟೆ ನೇತು ಬಿದ್ದರೆ ಯಾಕೆ ಅಂತ ಕೇಳದೆ ಇರುವವರು ಯಾರು? ದೊಡ್ಡವರಿಗೂ ಕಟ್ಟುವ ಡೈಪರು ಸಿಗುತ್ತದೆ ಅಂತ ಶಾಲಿನಿಗೆ ಗೊತ್ತಿತ್ತು. ಅದು ಸಿಗುವುದು ಗುರುವಯ್ಯನ ಮೆಡಿಕಲ್ಸಿನಲ್ಲಿ. ಅದು ಪ್ರಸಾದನ ಗೊಬ್ಬರದ ಅಂಗಡಿಗೆ ಗೋಡೆಗೆ ಗೋಡೆ. ಆನ್‌ಲೈನಿನಲ್ಲಿ ತರಿಸಿದರೆ ಪಾರ್ಸಲ್ ಬಂದು ಇಳಿಯುವುದೂ ಅದೇ ಅಂಗಡಿಗೆ.

ದಾರಿ ತೋರಿಸಿದವನು ಯೋಗೇಶ. ಅವನಿಗೇ ಗೊತ್ತಿಲ್ಲದೆ ತೋರಿಸಿದ; ಮುಂದೆಯೂ ಗೊತ್ತಾಗುವುದಿಲ್ಲ ಅಂತ ಶಾಲಿನಿ ಆಗ ಅಂದುಕೊಂಡಿದ್ದಳು.

ಯೋಗೇಶ ಹ್ಯಾಂಡ್‌ಪೋಸ್ಟ್ ಕಡೆಯವನು, ಎಸ್ಟೇಟ್ ಲೈನಿನಲ್ಲಿ, ಕೂಲಿಯವರ ಸಾಲುಮನೆಯಲ್ಲಿ ಹುಟ್ಟಿ ಬೆಳೆದವನು, ಇಬ್ಬರು ಮಕ್ಕಳ ತಂದೆ. ಪ್ರಸಾದನಿಗೆ ಸ್ಕೂಟರ್ ಬಿಟ್ಟರೆ ಬೇರೆ ಗಾಡಿ ಓಡಿಸಲು ಬಾರದು. ಬೆಳಿಗ್ಗೆ ಏಳೂವರೆಗೆ ಯೋಗೇಶ ಬಂದು ಅವನನ್ನು ತೋಟಕ್ಕೆ ಕರೆದೊಯ್ದು, ಅಂಗಡಿಗೆ ಇಳಿಸಿ, ಹನ್ನೊಂದಕ್ಕೆ ಕಾರನ್ನು ಮನೆಯ ಪೋರ್ಟಿಕೋದಲ್ಲಿ ನಿಲ್ಲಿಸಿ, ಕೀಲಿ ಮೊಳೆಗೆ ಹಾಕಿ, ಕಾಫಿ ಕುಡಿದು ಹೋಗುತ್ತಿದ್ದ. ಆಮೇಲೆ ಸಂಜೆಯವರೆಗೆ ಅಂಗಡಿಯಲ್ಲಿ ಗೊಬ್ಬರದ ಚೀಲ ಇಳಿಸುವ ಕೆಲಸ. ಒಂದು ದಿನ ಗಾಜು ಒರೆಸುತ್ತಿದ್ದವನು ಶಾಲಿನಿಗೆ, ಮಂಜು ಕಟ್ಟಿದರೆ ಒರೆಸುವುದೇ ಬೇಡ, ಎಂಜಿನ್ ಬಿಸಿ ಇರುವಾಗ ಈ ಗುಂಡಿ ತಿರುಗಿಸಿ, ಒಳಗೆಲ್ಲ ಬೆಚ್ಚಗಿನ ಗಾಳಿ ಬರುತ್ತದೆ ಅಂತ ತೋರಿಸಿದ್ದ. ಶಾಲಿನಿ ಕೈಯೊಡ್ಡಿ ನೋಡಿದಳು. ಮೇ ತಿಂಗಳ ಅಂಗಳದ ಗಾಳಿ.

ಮರುದಿನದಿಂದ ಶುರುವಾಯಿತು. ಯೋಗೇಶ ಗೇಟು ದಾಟಿದ ಮೇಲೆ ಅವಳು ಬಾಗಿಲ ಮೇಲಿನ ಹಿಡಿಕೆಗಳಿಗೆ ಅಡ್ಡಡ್ಡ ಹಗ್ಗ ಕಟ್ಟಿ, ನೀಲಿ ಕ್ಲಿಪ್ಪು ಹಾಕಿ ಬಟ್ಟೆ ಹರವಿ, ಎಂಜಿನ್ ಶುರು ಮಾಡುತ್ತಿದ್ದಳು. ಪೋರ್ಟಿಕೋಗೆ ಮೂರು ಕಡೆ ಗೋಡೆಯಿಲ್ಲ, ಹೊಗೆಯ ಭಯವಿಲ್ಲ. ಒಂದು ಗಂಟೆ, ಕೆಲವು ದಿನ ಒಂದೂವರೆ. ಗಾಜು ಬೆವರಿ ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಸಾವಿತ್ರಮ್ಮ ಕಿಟಕಿಯಲ್ಲಿ ಕೂತು ಗೇಟು ಕಾಯುತ್ತಿದ್ದರು. ಯಾರಾದರೂ ಬಂದರೆ ಜೋರಾಗಿ ಕೆಮ್ಮುವುದು ಅಂತ ಅತ್ತೆ ಸೊಸೆಯ ನಡುವೆ ಒಪ್ಪಂದ. ನಿಂತ ಕಡೆಯೇ ಓಡಿದರೂ ಆನೆಮರಿ ತಿನ್ನುತ್ತದೆ ಅನ್ನುವುದು ಇಬ್ಬರ ತಲೆಗೂ ಹೊಳೆದಿರಲಿಲ್ಲ. ಚಕ್ರ ತಿರುಗದಿದ್ದರೆ ಪೆಟ್ರೋಲು ಯಾಕೆ ಖರ್ಚಾಗಬೇಕು ಅಂತಲೇ ಅವರ ಎಣಿಕೆ.

ಆ ಕಡುಬಿನ ದಿನ ಹೊಳೆಯಿತು. ಆದರೂ ಮಾರನೇ ದಿನ ಒದ್ದೆ ಬಟ್ಟೆ ನಾಲ್ಕಿದ್ದವು, ಬಿಸಿಲು ಇರಲಿಲ್ಲ.

ಮೂರು ವಾರ ಪ್ರಸಾದ ಆ ಅಂಕಿಯ ಬೆನ್ನು ಹತ್ತಿದ. ಮೊದಲು ಟಯರಿನ ಗಾಳಿ ನೋಡಿಸಿದ. ತೋಟದ ಕೆಸರಿಗೆ ಹಿಡಿತ ಸಿಗಲೆಂದು ಜೀಪಿನ ಕಾಲದಂತೆ ಗಾಳಿ ಇಳಿಸಿ ಓಡಿಸುತ್ತಿದ್ದರು. ತುಂಬಿಸಿದ ಮೇಲೆ ಕಾಲು ಕಿಲೋಮೀಟರ್ ಏರಿತು. ಡಿಕ್ಕಿಯಲ್ಲಿ ಖಾಯಂ ಬಿದ್ದಿದ್ದ ಎರಡು ಮೂಟೆ ಸುಣ್ಣ ಇಳಿಸಿದ. ಪೆಟ್ರೋಲ್ ಬಂಕ್ ಬದಲಾಯಿಸಿದ. ಏರಿನಲ್ಲಿ ಎರಡನೇ ಗೇರಿಗೆ ಹಾಕಬೇಡ ಅಂತ ಯೋಗೇಶನ ಪಕ್ಕ ಕೂತು ಹೇಳಿಕೊಟ್ಟ. ಗಾಡಿ ಓಡಿಸಲು ಬಾರದವನು ಹೇಳಿಕೊಡುವುದನ್ನು ಯೋಗೇಶ ಹೂಂ ಅಣ್ಣ, ಹೂಂ ಅಣ್ಣ ಅಂತ ಕೇಳಿದ.

ಅಂಕಿ ಹತ್ತು ದಾಟಲಿಲ್ಲ. ಊಟಕ್ಕೆ ಕೂತಾಗ ಪ್ರಸಾದ ಯೋಗೇಶನ ಹೆಸರೆತ್ತಲು ಶುರು ಮಾಡಿದ. ಅವತ್ತು ಹಲಸಿನ ಬೀಜದ ಸಾರು.

"ಪೆಟ್ರೋಲ್‌ಗೆ ಕಾಲು ಬರ್ತದಾ? ಯಾರೋ ತೆಗೀಬೇಕಲ್ಲ."

"ಅಪ್ಪ, ಯೋಗೇಶಣ್ಣ ನೀವು ಮರೆತ ಪರ್ಸನ್ನೇ ಅಂಗಡಿವರೆಗೆ ತಂದು ಕೊಟ್ಟಿದಾರೆ," ಅಂದಳು ಕವನಾ.

"ಪರ್ಸ್ ಕಾಣ್ತದೆ. ಪೆಟ್ರೋಲ್ ಕಾಣಲ್ಲ."

"ಹಂಗಾದ್ರೆ ಅಮ್ಮನೇ ಕುಡಿದಿರಬೇಕು ಬಿಡಿ. ದಿನಾ ಮನೇಲಿ ಗಾಡಿ ಪಕ್ಕ ಇರೋದು ಅಮ್ಮ ತಾನೆ."

ಹುಡುಗಿ ತಮಾಷೆಗೆ ಅಂದಿದ್ದು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಶಾಲಿನಿಯ ಕೈ ಸೆರಗಿಗೆ ಹೋಯಿತು. ಅದರ ತುದಿಯಲ್ಲಿ ನೀಲಿ ಕ್ಲಿಪ್ಪೊಂದು ಕಚ್ಚಿಕೊಂಡೇ ಇತ್ತು. ಮುಷ್ಟಿಯಲ್ಲಿ ಅದನ್ನು ಮುಚ್ಚಿ ಒಳಗೆ ಹೋದಳು. ಆ ವಾರವೆಲ್ಲ ಯೋಗೇಶನ ಕಾಫಿಗೆ ಸಕ್ಕರೆ ಹೆಚ್ಚು ಬಿತ್ತು, ಜೊತೆಗೆ ರೊಟ್ಟಿಯೋ ಒತ್ತು ಶಾವಿಗೆಯೋ ಬಂತು. ಎಂತ ವಿಶೇಷ ಅಕ್ಕ ಅಂತ ಅವನು ಕೇಳಿದ್ದಕ್ಕೆ, ಮಿಕ್ಕಿತ್ತು ಅಂದಳು. ಮಿಕ್ಕಿರಲಿಲ್ಲ. ಅವಳ ಪಾಲಿನದು.

ಆಗಸ್ಟ್ ಮೊದಲ ವಾರ ಕಾರು ಸರ್ವಿಸಿಗೆ ಹೋಯಿತು. ಚಿಕ್ಕಮಗಳೂರಿನ ಸರ್ವಿಸ್ ಸೆಂಟರಿನಲ್ಲಿ ಕಾರಿಗೆ ಕಂಪ್ಯೂಟರ್ ಸಿಕ್ಕಿಸಿ ನೋಡಿದರಂತೆ. ಎಂಜಿನ್ ಚೆನ್ನಾಗಿದೆ, ಸೋರಿಕೆ ಇಲ್ಲ, ಆದರೆ ಗಾಡಿ ಓಡಿದ ದೂರಕ್ಕೂ ಎಂಜಿನ್ ಓಡಿದ ಹೊತ್ತಿಗೂ ತಾಳೆಯಾಗುವುದಿಲ್ಲ ಅಂದರಂತೆ. ನಿಂತಲ್ಲೇ ತುಂಬ ಹೊತ್ತು ಎಂಜಿನ್ ಓಡಿದೆ, ಡ್ರೈವರ್ ಎ.ಸಿ. ಹಾಕಿಕೊಂಡು ಮಲಗುವ ಅಭ್ಯಾಸ ಇದೆಯಾ ಸಾರ್ ಅಂತ ಕೇಳಿದರಂತೆ. ಪ್ರಸಾದ ಮನೆಗೆ ಬಂದು ಇದನ್ನು ಹೇಳುವಾಗ ಅವನ ಮುಖದಲ್ಲಿ ಸಿಟ್ಟಿಗಿಂತ ನಿರಾಳವೇ ಹೆಚ್ಚಾಗಿತ್ತು. ಲೆಕ್ಕಕ್ಕೆ ಉತ್ತರ ಸಿಕ್ಕಿದ ಹುಡುಗನ ಮುಖ.

ಶನಿವಾರ ಅವನು ಅಂಗಡಿಯಲ್ಲಿ ಇಳಿಯದೆ ಕಾರಿನ ಜೊತೆಗೇ ಮನೆಗೆ ಬಂದ. ಶಾಲಿನಿ ಎರಡು ಲೋಟ ಕಾಫಿ ಹಿಡಿದು ಪೋರ್ಟಿಕೋದ ಮೆಟ್ಟಿಲಿಗೆ ಬಂದಾಗ ಮಾತು ಶುರುವಾಗಿಬಿಟ್ಟಿತ್ತು.

"ಗಾಡಿ ಆನ್ ಮಾಡಿಕೊಂಡು ಎಲ್ಲಿ ಮಲಗ್ತೀಯ?"

"ಎಲ್ಲೂ ಮಲಗಿಲ್ಲ ಅಣ್ಣ."

"ಮತ್ತೆ ಕಂಪ್ಯೂಟರ್ ಸುಳ್ಳು ಹೇಳ್ತದಾ?"

ಯೋಗೇಶ ಕಾರನ್ನು ನೋಡಿದ. ಆಮೇಲೆ ಶಾಲಿನಿಯನ್ನು ನೋಡಿದ, ಒಂದೇ ಸಲ.

"ಕಂಪ್ಯೂಟರ್ ಸುಳ್ಳು ಹೇಳಲ್ಲ. ನಾನೂ ಹೇಳ್ತಿಲ್ಲ."

ಪ್ರಸಾದ ತಾನು ಅವನನ್ನು ಕೆಲಸದಿಂದ ಬಿಡಿಸುತ್ತಿಲ್ಲವೆಂದೂ, ತಪ್ಪೊಪ್ಪಿಕೊಂಡರೆ ಸಾಕೆಂದೂ, ಇನ್ನು ಮುಂದೆ ಕಿಲೋಮೀಟರ್ ಬರೆದಿಡಬೇಕೆಂದೂ ಹೇಳಿದ. ಯೋಗೇಶ ಎಲ್ಲ ಕೇಳಿಸಿಕೊಂಡು, ಅನುಮಾನ ಇಟ್ಟುಕೊಂಡು ನನ್ನ ಕೈಗೆ ಕೀಲಿ ಕೊಡಬೇಡಿ ಅಣ್ಣ, ನನಗೂ ಹಿಡಿಯಲು ಆಗುವುದಿಲ್ಲ ಅಂದ. ಅಂಗಡಿಯ ಕೆಲಸಕ್ಕೂ ಬರುವುದಿಲ್ಲ ಅಂದ. ಪ್ರಸಾದ ನಿನ್ನಿಷ್ಟ ಅಂತ ಸ್ಕೂಟರ್ ಹತ್ತಿ ಹೊರಟುಹೋದ. ಶಾಲಿನಿಯ ಕೈಯಲ್ಲಿ ಎರಡೂ ಲೋಟ ಹಾಗೇ ಇದ್ದವು. ಬಾಯಿ ತೆರೆಯಬೇಕೆಂದು ಅವಳಿಗೆ ಅನ್ನಿಸುತ್ತಲೇ ಇತ್ತು. ಕಿಟಕಿಯಲ್ಲಿ ಸಾವಿತ್ರಮ್ಮ ಕಂಬಿ ಹಿಡಿದು ಕೂತಿದ್ದರು.

ಯೋಗೇಶ ಕಾರಿನಿಂದ ತನ್ನ ಟವೆಲು, ಬಾಚಣಿಗೆ, ನೀರಿನ ಬಾಟಲಿ ಎತ್ತಿಕೊಂಡ. ಮೆಟ್ಟಿಲ ಹತ್ತಿರ ಬಂದು ಕೀಲಿ ಕೊಟ್ಟ. ಕೀಲಿಯ ಜೊತೆಗೆ ಎರಡು ನೀಲಿ ಕ್ಲಿಪ್ಪು.

"ಇವು ಹಿಂದಿನ ಸೀಟಿನಡಿ ಇದ್ದವು ಅಕ್ಕ." ದನಿ ತಗ್ಗಿಸಿ ಹೇಳಿದ. "ಹೀಟರ್ ಹಾಕಿದಾಗ ಎ.ಸಿ. ಗುಂಡಿನೂ ಒತ್ತಿ. ಹಸಿ ಹೀರ್ಕೊಳ್ತದೆ. ಬೇಗ ಒಣಗ್ತದೆ."

ಅವಳು ಕಾಫಿ ತಗೋ ಅನ್ನುವಷ್ಟರಲ್ಲಿ ಅವನು ಗೇಟಿನಲ್ಲಿದ್ದ.

ಅವತ್ತಿನಿಂದ ಶಾಲಿನಿ ಕಾರು ಮುಟ್ಟಲಿಲ್ಲ. ಕೀಲಿ ಮೊಳೆಯಲ್ಲಿ ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ದಿನಗೂಲಿಗೆ ಬರುವ ಡ್ರೈವರೊಬ್ಬ ಪ್ರಸಾದನನ್ನು ತೋಟಕ್ಕೆ ಕರೆದೊಯ್ದು ತರುತ್ತಿದ್ದ. ಹಾಸುಬಟ್ಟೆಗಳು ಅರೆಬರೆ ಒಣಗಿ ಮತ್ತೆ ಮಂಚಕ್ಕೆ ಹೋದವು. ಸಾವಿತ್ರಮ್ಮ ಕಾಫಿ ಬಿಟ್ಟರು, ಮಧ್ಯಾಹ್ನದ ಮೇಲೆ ನೀರೂ ಬಿಟ್ಟರು. ಶಾಲಿನಿ ಇಟ್ಟು ಬಂದ ಚೊಂಬಿನ ನೀರು ಕಿಟಕಿಯಾಚೆಯ ಡೇಲಿಯಾ ಗಿಡದ ಬುಡಕ್ಕೆ ಬೀಳುತ್ತಿತ್ತು. ಮಳೆಗಾಲದಲ್ಲಿ ಗಿಡಕ್ಕೆ ಯಾಕೆ ನೀರು ಅತ್ತೆ ಅಂತ ಕೇಳಿದರೆ, ಆ ಹೆಂಗಸು ಒಣಗಿದ ತುಟಿಯನ್ನು ಸೆರಗಿನಿಂದ ಒರೆಸಿಕೊಂಡರು. ಬಚ್ಚಲಿಗೆ ಹೋಗುವಾಗ ಎರಡು ಸಲ ತಲೆಸುತ್ತಿ ಗೋಡೆ ಹಿಡಿದುಕೊಂಡರು.

"ಅವನಿಗೆ ಕೆಲಸ ಸಿಕ್ಕಿತಂತಾ?" ಅಂತ ದಿನಾ ಕೇಳುತ್ತಿದ್ದರು. ಸಿಕ್ಕಿರಬಹುದು ಅನ್ನುತ್ತಿದ್ದಳು ಶಾಲಿನಿ. ಇಬ್ಬರೂ ಅದನ್ನು ನಂಬಿದ ಹಾಗೆ ಮಾಡುತ್ತಿದ್ದರು.

ಒಂದು ದಿನ ಅವಳು ಗಟ್ಟಿ ಮನಸ್ಸು ಮಾಡಿ ಗುರುವಯ್ಯನ ಮೆಡಿಕಲ್ಸಿಗೆ ಹೋದಳು. ಡೈಪರಿನ ದೊಡ್ಡ ಪ್ಯಾಕೆಟ್ಟುಗಳು ಮೇಲಿನ ಹಲಗೆಯಲ್ಲಿದ್ದವು. ಕೇಳುವ ಮೊದಲೇ ಗುರುವಯ್ಯ, ಪ್ರಸಾದಣ್ಣ ಒಳ್ಳೇ ಕೆಲಸ ಮಾಡಿದರು, ಹೀಗೆ ನಂಬಿಸಿ ಕದಿಯುವವರನ್ನು ಇಟ್ಟುಕೊಳ್ಳಬಾರದು, ಕೇಳಿದವರಿಗೆಲ್ಲ ನಾನೂ ಅದನ್ನೇ ಹೇಳಿದೆ ಅಂದ. ಅಂಗಡಿಯಲ್ಲಿ ಇನ್ನಿಬ್ಬರಿದ್ದರು. ಶಾಲಿನಿ ತಲೆನೋವಿನ ಮಾತ್ರೆ ತೆಗೆದುಕೊಂಡು ಬಂದಳು.

ಗೌರಿ ಹಬ್ಬಕ್ಕೆ ವಾರವಿರುವಾಗ, ಭಾನುವಾರ ಮಧ್ಯಾಹ್ನ, ಮೂವರು ಊಟಕ್ಕೆ ಕೂತಿದ್ದರು, ಶಾಲಿನಿ ಒಲೆಯ ಮುಂದೆ ನಿಂತು ರೊಟ್ಟಿ ಬೇಯಿಸುತ್ತಿದ್ದಳು. ಅಕ್ಕಿ ರೊಟ್ಟಿ, ಕಳಲೆ ಪಲ್ಯ. ಪ್ರಸಾದ ಆ ಬೆಳಿಗ್ಗೆ ಟ್ಯಾಂಕ್ ತುಂಬಿಸಿ ಬಂದಿದ್ದ.

"ಹದಿನೈದೂವರೆ," ಅಂದ. "ಅವನು ಹೋದ, ಹದಿನೈದೂವರೆ ಬಂತು. ಇನ್ನೆಂತ ಸಾಕ್ಷಿ ಬೇಕು?"

ಕಾವಲಿಯ ಮೇಲೆ ರೊಟ್ಟಿ ಹೊಗೆಯಾಡಿತು. ತಾನು ಹೆದರಿ ಕಾರು ಮುಟ್ಟದೆ ಇದ್ದ ಇಪ್ಪತ್ತು ದಿನ ಯೋಗೇಶನ ಕೊರಳಿಗೆ ಸುತ್ತಿಕೊಂಡಿದ್ದನ್ನು ಶಾಲಿನಿ ನಿಂತಲ್ಲೇ ಕಂಡಳು.

ಕವನಾ ಪಲ್ಯ ಕೆದಕುತ್ತ, ಗೆಳತಿಯ ಮನೆಯವರು ಡ್ರೈವರ್ ಹುಡುಕುತ್ತಿದ್ದರಂತೆ, ಯೋಗೇಶಣ್ಣ ಹೋಗಿ ಕೇಳಿದರೆ ಬೇಡ ಅಂದರಂತೆ ಅಂದಳು. ಇನ್ನೊಂದು ಕಡೆಯೂ ಹಾಗೇ ಆಯಿತಂತೆ. "ಪೆಟ್ರೋಲ್ ಕದಿಯೋನು ಅಂತ ಹೆಸರಾಗಿದೆಯಂತೆ. ಈಗ ಗಾರೆ ಕೆಲಸಕ್ಕೆ ಹೋಗ್ತಿದಾರೆ."

"ಮಾಡಿದ್ದುಣ್ಣೋ ಮಹಾರಾಯ," ಅಂದ ಪ್ರಸಾದ.

ಶಾಲಿನಿ ಒಲೆ ಆರಿಸಿದಳು.

"ಪೆಟ್ರೋಲ್ ಸುಟ್ಟಿದ್ದು ನಾನು."

ಅವಳು ಹೇಳಿದಳು: ದಿನಾ ಹನ್ನೊಂದರ ಮೇಲೆ ಕಾರು ಆನ್ ಮಾಡಿ, ಹೀಟರ್ ಹಾಕಿ, ಒಳಗೆ ಬಟ್ಟೆ ಒಣಗಿಸುತ್ತಿದ್ದೆ. ಜೂನಿನಿಂದ. ಒಂದೊಂದು ದಿನ ಒಂದೂವರೆ ಗಂಟೆ.

ಪ್ರಸಾದನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಬಟ್ಟೆನಾ? ಹಾಲಲ್ಲಿ ಹಗ್ಗ ಇಲ್ವಾ? ಯಾರ ಬಟ್ಟೆ?"

"ನನ್ನವು," ಅಂದಳು ಶಾಲಿನಿ. "ನನಗೆ ಈಚೆಗೆ ತಡೆಯಕ್ಕಾಗಲ್ಲ. ಒದ್ದೆಯಾಗ್ತದೆ. ನಿಮಗೆ ಹೇಳಕ್ಕೆ ನಾಚಿಕೆ ಆಯ್ತು."

ಕವನಾ ಅಮ್ಮನನ್ನೇ ನೋಡಿದಳು. ಸಾವಿತ್ರಮ್ಮ ರೊಟ್ಟಿಯ ತುಂಡನ್ನು ತಟ್ಟೆಯ ಅಂಚಿಗಿಟ್ಟು, ಮೇಜು ಹಿಡಿದು ಎದ್ದು, ತಮ್ಮ ಕೋಣೆಗೆ ಹೋದರು. ಬರುವಾಗ ಕೈಯಲ್ಲಿ ಬೆಳಗಿನ ಹಾಸುಬಟ್ಟೆ. ಮಡಿಸಿಯೂ ಇರಲಿಲ್ಲ. ಅದನ್ನು ಮಗ ಕೂತ ಕುರ್ಚಿಯ ತೋಳಿಗೆ ಹಾಕಿದರು.

"ಸುಳ್ಳು ಹೇಳ್ತಾಳೆ. ಬಟ್ಟೆ ನಂದು."

ಪ್ರಸಾದನ ಎಡಗೈ ಮೇಲೆದ್ದು ಮೂಗಿನವರೆಗೆ ಬಂತು. ಅಲ್ಲಿ ನಿಂತಿತು. ಮೀಸೆ ಸವರಿದ ಹಾಗೆ ಮಾಡಿ ಕೆಳಗಿಳಿಯಿತು. ಎಲ್ಲರೂ ನೋಡಿದರು.

"ನನಗೆ ಹೇಳಬಹುದಿತ್ತಲ್ಲಮ್ಮ."

"ನಿಮ್ಮಜ್ಜಿ ಹಿತ್ತಿಲ ಜಗಲೀಲಿ ಇದ್ದದ್ದು ನೆನಪಿದೆಯೇನೋ?"

ಪ್ರಸಾದ ಎದ್ದು ಕೈ ತೊಳೆದು ಪೋರ್ಟಿಕೋಗೆ ಹೋಗಿ ಕಾರಿನ ಹಿಂದಿನ ಬಾಗಿಲು ತೆಗೆದು ನಿಂತ. ಹಿಡಿಕೆಗಳ ಮೇಲೆ ಹಗ್ಗ ಉಜ್ಜಿದ ಗುರುತನ್ನು ಬೆರಳಿನಿಂದ ಮುಟ್ಟಿದ. ಒಳಗೆ ಬಂದು, ಅಮ್ಮನ ತಟ್ಟೆಯ ಪಕ್ಕದ ಲೋಟಕ್ಕೆ ನೀರು ತುಂಬಿಸಿ ಅವರ ಮುಂದೆ ಇಟ್ಟ. ಅವರು ಕುಡಿಯುವವರೆಗೆ ಅಲ್ಲೇ ನಿಂತಿದ್ದ.

ಸಂಜೆ ಗಂಡ ಹೆಂಡತಿ ಸ್ಕೂಟರಿನಲ್ಲಿ ಹ್ಯಾಂಡ್‌ಪೋಸ್ಟ್ ಕಡೆಗೆ ಹೋದರು. ಶಾಲಿನಿಯ ತೊಡೆಯ ಮೇಲೆ ಡಬ್ಬಿಯಲ್ಲಿ ಕಡುಬು. ಯೋಗೇಶ ಕಾಲಿಗೆ ಹತ್ತಿದ ಸಿಮೆಂಟು ತೊಳೆಯುತ್ತಿದ್ದವನು, ಬನ್ನಿ ಅಕ್ಕ, ಬನ್ನಿ ಅಣ್ಣ ಅಂತ ಚಾಪೆ ಹಾಸಿದ. ಅವನ ತಂದೆ ಕೆಂಚಯ್ಯ ಒಳಗಿನಿಂದ ಕುರ್ಚಿ ತಂದು ಪ್ರಸಾದನಿಗೆ ಕೊಟ್ಟ. ಪ್ರಸಾದ ಕುರ್ಚಿ ಬಿಟ್ಟು ಚಾಪೆಯ ಮೇಲೆಯೇ ಕೂತು, ತಪ್ಪು ನಮ್ಮ ಮನೆಯದು, ನಾನು ಬಾಯಿಗೆ ಬಂದ ಹಾಗೆ ಅಂದೆ, ನಾಳೆಯಿಂದ ಕೆಲಸಕ್ಕೆ ಬಾ ಅಂದ. ಚೆನ್ನಾಗಿಯೇ ಹೇಳಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ.

"ನನ್ನ ಹತ್ರ ಹೇಳಿದ್ರೆ ಎಂತ ಪ್ರಯೋಜನ ಅಣ್ಣ?" ಅಂದ ಯೋಗೇಶ. "ನಾನು ಕದ್ದಿಲ್ಲ ಅಂತ ನನಗೆ ಗೊತ್ತಿತ್ತಲ್ಲ. ಗೊತ್ತಿಲ್ಲದವರ ಹತ್ರ ಹೇಳಿ."

"ನೀನು ಅವತ್ತೇ ಹೇಳಬಹುದಿತ್ತಲ್ಲ ಯೋಗೇಶ," ಅಂದಳು ಶಾಲಿನಿ. "ನಿನಗೆ ಗೊತ್ತಿತ್ತು."

"ಮಾರನೇ ದಿನ ಗಾಡಿ ಬಾಗಿಲು ತೆಗೆದಾಗಲೇ ಗೊತ್ತಾಯ್ತು ಅಕ್ಕ. ನಮ್ಮಜ್ಜಿ ಹೋಗೋವರೆಗೂ ನಮ್ಮನೇಲೂ ಅದೇ ವಾಸನೆ. ಹೆಂಗಸರ ಬಟ್ಟೆ ವಿಷಯ ನಾನು ಹೆಂಗೆ ಹೇಳಲಿ? ನೀವು ಹೇಳ್ತೀರಿ ಅಂದ್ಕೊಂಡೆ."

ಶಾಲಿನಿ ಡಬ್ಬಿಯನ್ನು ಯೋಗೇಶನ ಹೆಂಡತಿಯ ಕೈಗೆ ಕೊಟ್ಟಳು. ಅವಳು ಕಡುಬು ಬೇರೆ ಪಾತ್ರೆಗೆ ಹಾಕಿ, ಡಬ್ಬಿ ತೊಳೆದು, ಒರೆಸಿ ವಾಪಸು ಕೊಟ್ಟಳು.

ಗೊತ್ತಿಲ್ಲದವರ ಹತ್ತಿರ ಹೇಳುವುದೆಂದರೆ ಯಾಕೆ ಕಾರು ನಿಂತಲ್ಲೇ ಓಡಿತು ಅಂತಲೂ ಹೇಳಬೇಕು. ಮನೆಯಲ್ಲಿ ಸಾವಿತ್ರಮ್ಮ ಕಾದಿದ್ದರು. ಎಂತ ಅಂದ ಅಂತ ಕೇಳಿ, ಪೂರ್ತಿ ಕೇಳಿಸಿಕೊಂಡರು.

"ಹೇಳು," ಅಂದರು ಮಗನಿಗೆ. "ಅರ್ಧ ಹೇಳಬೇಡ. ನನ್ನ ಹೆಸರು ಹಿಡಿದು ಹೇಳು."

ಸೋಮವಾರ ಹತ್ತೂವರೆಗೆ ಗುರುವಯ್ಯನ ಅಂಗಡಿಯಲ್ಲಿ ಐದಾರು ಜನ. ಪ್ರಸಾದ ತನ್ನ ಅಂಗಡಿಯಿಂದ ಇಳಿದು ಬಂದು ಕೌಂಟರಿಗೆ ಕೈ ಊರಿದ. ಹಿಂದೆ ಶಾಲಿನಿ. ಅವನು ಏನೋ ಹೇಳಿದ. ಅದು ಅವನ ಅಂಗಿಯ ಗುಂಡಿಗಷ್ಟೇ ಕೇಳಿಸಿತು.

"ಎಂತ ಬೇಕು ಅಂದ್ರಿ?" ಅಂತ ಗುರುವಯ್ಯ ಕಿವಿ ಮುಂದೆ ಮಾಡಿದ.

"ಡೈಪರ್. ದೊಡ್ಡವರದ್ದು. ನಮ್ಮಮ್ಮಂಗೆ." ಈ ಸಲ ಹೊರಗೆ ಕೊಡೆ ಮಡಿಸುತ್ತಿದ್ದವರೂ ತಿರುಗಿದರು. ಪ್ರಸಾದ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆ ಅನ್ನುವವನ ಹಾಗೆ ಒಂದೇ ಉಸಿರಿಗೆ ಹೇಳಿದ. ಅಮ್ಮನ ಬಟ್ಟೆ ಒಣಗಿಸಲು ಮನೆಯಲ್ಲಿ ಕಾರು ಆನ್ ಮಾಡಿ ಇಡುತ್ತಿದ್ದರು, ಪೆಟ್ರೋಲ್ ಹೋಗಿದ್ದು ಅದಕ್ಕೆ, ಯೋಗೇಶ ಒಂದು ತೊಟ್ಟೂ ಮುಟ್ಟಿಲ್ಲ, ನಾನು ಇಲ್ಲಿ ನಿಂತು ಹೇಳಿದ್ದೆಲ್ಲ ಸುಳ್ಳು. "ನೀವು ಯಾರ್ಯಾರಿಗೆ ಹೇಳಿದ್ರೋ, ಅವರಿಗೆಲ್ಲ ಇದನ್ನೂ ಹೇಳಿ ಗುರುವಯ್ಯ."

ಗುರುವಯ್ಯ ಮೇಲಿನ ಹಲಗೆಯಿಂದ ಪ್ಯಾಕೆಟ್ ಇಳಿಸಿ, ಹಳೇ ಪೇಪರು ಹುಡುಕಲು ಬಗ್ಗಿದ.

"ಪೇಪರ್ ಬೇಡ," ಅಂದ ಪ್ರಸಾದ.

ಪ್ಯಾಕೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಅವನು ಮನೆಯವರೆಗೆ ನಡೆದೇ ಹೋದ. ಶಾಲಿನಿ ಎರಡು ಹೆಜ್ಜೆ ಹಿಂದೆ. ಎದುರು ಸಿಕ್ಕವರು ಪ್ಯಾಕೆಟ್ ನೋಡಿ, ಆಮೇಲೆ ಅವನ ಮುಖ ನೋಡಿ, ಹಬ್ಬ ಜೋರಾ ಅಂತ ಕೇಳಿದರು. ಹೂಂ ಅಂದ.

ಯೋಗೇಶ ಕೆಲಸಕ್ಕೆ ವಾಪಸು ಬರಲಿಲ್ಲ. ಹಬ್ಬ ಕಳೆದ ಮೇಲೆ ಅವನಿಗೆ ಸ್ಕೂಲ್ ವ್ಯಾನು ಓಡಿಸುವ ಕೆಲಸ ಸಿಕ್ಕಿತು. ಬೆಳಿಗ್ಗೆ ಎಂಟಕ್ಕೆ ಆ ಹಳದಿ ವ್ಯಾನು ಅವರ ಗೇಟಿನ ಮುಂದೆಯೇ ತಿರುಗುತ್ತಿತ್ತು. ಒಂದು ದಿನ ಶಾಲಿನಿ ರಂಗೋಲಿ ಹಾಕುತ್ತಿದ್ದಾಗ ಗಾಡಿ ನಿಧಾನವಾಯಿತು.

"ಅಜ್ಜಿ ಹೆಂಗಿದಾರೆ ಅಕ್ಕ?"

"ಚೆನ್ನಾಗಿದಾರೆ. ಡಾಕ್ಟ್ರು ಮಾತ್ರೆ ಕೊಟ್ಟಿದಾರೆ. ಕಾಫಿ ಕುಡೀತಾರೆ ಈಗ."

ತಪ್ಪು ನಂದು ಅನ್ನುವ ಇನ್ನೊಂದು ಮಾತೂ ಅವಳ ಬಾಯಿಗೆ ಬಂದಿತ್ತು, ಅವತ್ತು ಮೆಟ್ಟಿಲ ಮೇಲೆ ಎರಡು ಲೋಟ ಹಿಡಿದು ನಿಂತಾಗ ಬಂದದ್ದೇ. ವ್ಯಾನಿನೊಳಗೆ ಮಕ್ಕಳು ಗಲಾಟೆ ಮಾಡಿದವು. ಯೋಗೇಶ ತಲೆಯಾಡಿಸಿ ಗೇರು ಬದಲಾಯಿಸಿದ.

ಆ ಭಾನುವಾರ ಪ್ರಸಾದ ದಿನಗೂಲಿ ಡ್ರೈವರನ ಜೊತೆ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬಂದ. ಅವನು ಇಳಿದ ಮೇಲೆ ಶಾಲಿನಿ ಕಾರಿನೊಳಗೆ ಬಿಟ್ಟಿದ್ದ ಕೊಡೆ ತರಲು ಹೋದಳು. ಸೀಟಿನ ಮೇಲೆ ಬಂಕಿನ ಚೀಟಿ, ಅದರ ಬೆನ್ನಿಗೆ ಅವನ ಕೈಬರಹದಲ್ಲಿ ಲೆಕ್ಕ. ಹದಿನಾರು. ಕಾರು ಬಂದ ಮೇಲೆ ಇಷ್ಟು ಯಾವತ್ತೂ ಬಂದಿರಲಿಲ್ಲ.

ಊಟಕ್ಕೆ ನಾಲ್ವರೂ ಕೂತರು. ಪ್ರಸಾದ ಅಮ್ಮನ ಲೋಟ ತುಂಬಿಸಿದ. ಪಲ್ಯಕ್ಕೆ ಉಪ್ಪು ಕಡಿಮೆ ಅಂದಳು ಕವನಾ. ತೋಟದಲ್ಲಿ ಕಾಯಿ ಉದುರುತ್ತಿದೆ ಅಂದ ಪ್ರಸಾದ. ಹದಿನಾರು ಅಂತ ಯಾರೂ ಅನ್ನಲಿಲ್ಲ.